ಉಕ್ಕಿನ ಎರಕವೂ ಕಲಿಯುವ ಯಂತ್ರವೂ

ಸಿನ್ನರಿನ ಮಾಳೇಗಾಂವ, ಮುಸಳಗಾಂವ ಔದ್ಯೋಗಿಕ ವಸಾಹತುಗಳಲ್ಲಿ ದುಡಿಯುವ ನಮ್ಮವರಲ್ಲಿ ಬಹುಮಂದಿ ದಿನವೂ ಉಕ್ಕನ್ನು ಮುಟ್ಟುತ್ತಾರೆ. ಲೇಥಿಗೆ ಕಟ್ಟುವ ದುಂಡು ಸರಳು, ಪ್ರೆಸ್ಸಿಗೆ ಕೊಡುವ ತಗಡು, ಗೋದಾಮಿನಲ್ಲಿ ತೂಗಿ ಚಲನಿನಲ್ಲಿ ಬರೆದುಕೊಳ್ಳುವ ಕಟ್ಟು, ಇವೆಲ್ಲ ನಮ್ಮ ಕೈಗೆ ಬರುವ ಹೊತ್ತಿಗೆ ತಣ್ಣಗಾಗಿ ಸಾಧುವಾಗಿರುತ್ತವೆ. ಆದರೆ ಇದೇ ಉಕ್ಕು ಕೆಲವು ವಾರಗಳ ಹಿಂದೆ ಎಲ್ಲಿಯೋ ಒಂದು ಕಾರಖಾನೆಯಲ್ಲಿ ನೀರಿನಂತೆ ಹರಿಯುತ್ತಿತ್ತು. ಹರಿಯುವುದನ್ನು ಹಿಡಿದು ಗಟ್ಟಿ ಮಾಡುವ ಆ ಕೆಲವು ನಿಮಿಷಗಳಲ್ಲಿ ಏನು ಕೆಡಬಹುದು, ಕೆಡುವುದನ್ನು ಮೊದಲೇ ತಿಳಿಸುವಂತೆ ಯಂತ್ರಕ್ಕೆ ಹೇಗೆ ಕಲಿಸುತ್ತಾರೆ, ಆ ಕಲಿಸುವ ಕೆಲಸದಲ್ಲಿ ಪಾಳಿಯ ಕೆಲಸಗಾರನಿಗೂ ಗುಮಾಸ್ತನಿಗೂ ಇರುವ ಪಾಲೆಷ್ಟು, ಎಂಬುದನ್ನು ಈ ಲೇಖನದಲ್ಲಿ ನೋಡೋಣ. ‘ಮಶೀನ್ ಲರ್ನಿಂಗ್’ ಎಂಬ ಮಾತು ಈಗ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಅದನ್ನು ಮಂತ್ರವೆಂದು ತಿಳಿದವರೂ ಉಂಟು, ಬರಿಯ ಮೋಸವೆಂದು ತಿಳಿದವರೂ ಉಂಟು. ಎರಡೂ ಅಲ್ಲ, ಅದು ಒಂದು ಬಗೆಯ ಲೆಕ್ಕ.

ಎರಕವೆಂದರೆ ಏನೆಂದು ಬೆಳಗಾವಿಯ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮರಳಿನ ಅಚ್ಚು ಮಾಡಿ, ಕರಗಿದ ಲೋಹ ಹೊಯ್ದು, ಆರಿದ ಮೇಲೆ ಅಚ್ಚನ್ನೊಡೆದು ವಸ್ತುವನ್ನು ತೆಗೆಯುವುದನ್ನು ಅಲ್ಲಿಯ ಫೌಂಡ್ರಿಗಳಲ್ಲಿ ಅವರು ಕಂಡವರೇ. ದೊಡ್ಡ ಉಕ್ಕಿನ ಕಾರಖಾನೆಗಳಲ್ಲಿಯೂ ಮೊದಲು ಇದೇ ರೀತಿ ನಡೆಯುತ್ತಿತ್ತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಇಳಿಸಲಾರಂಭಿಸಿದ ಕಾಲಕ್ಕೆ ಜಗತ್ತಿನಲ್ಲೆಲ್ಲ ಕರಗಿದ ಉಕ್ಕನ್ನು ನಿಲ್ಲಿಸಿದ ಅಚ್ಚುಗಳಿಗೆ ಹೊಯ್ದು ‘ಇಂಗಟ್’ ಎಂಬ ದಪ್ಪ ಗಟ್ಟಿಗಳನ್ನು ಮಾಡಿ, ಅವನ್ನು ಮತ್ತೆ ಕಾಯಿಸಿ ರೋಲಿಂಗ್ ಮಿಲ್ಲಿಗೆ ಕೊಡುತ್ತಿದ್ದರು. ಮತ್ತೆ ಕಾಯಿಸುವ ಇಂಧನವೂ ಹೊತ್ತೂ ದಂಡ. ಆಗ ಬಂದದ್ದು ನಿರಂತರ ಎರಕ. ಅಚ್ಚಿಗೆ ತಳವೇ ಇರುವುದಿಲ್ಲ. ಮೇಲಿನಿಂದ ಕರಗಿದ ಉಕ್ಕು ಬೀಳುತ್ತಿರುತ್ತದೆ, ಕೆಳಗಿನಿಂದ ಗಟ್ಟಿಯಾದ ಉಕ್ಕು ಹೊರಬರುತ್ತಿರುತ್ತದೆ. ಉಕ್ಕು ಅಚ್ಚಿಗೆ ಅಂಟಿಕೊಳ್ಳದಂತೆ ಅಚ್ಚನ್ನೇ ಮೇಲೆ ಕೆಳಗೆ ಅಲುಗಾಡಿಸಬೇಕೆಂಬ ಉಪಾಯಕ್ಕೆ ಜರ್ಮನಿಯ ಸೀಗ್‌ಫ್ರೀಡ್ ಯುಂಗ್‌ಹಾನ್ಸ್ ಎಂಬಾತನು 1933ರಲ್ಲಿ ಪೇಟೆಂಟ್ ಪಡೆದನು. ಈಗ ಜಗತ್ತಿನ ಉಕ್ಕಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಿನ ಪಾಲು ಈ ದಾರಿಯಲ್ಲಿಯೇ ಬರುತ್ತದೆ.

ನಮಗೆ ಹತ್ತಿರದ ಉದಾಹರಣೆಗಳು ಎರಡು. ಸಮೃದ್ಧಿ ಮಹಾಮಾರ್ಗ ಹಿಡಿದು ಪೂರ್ವಕ್ಕೆ ಹೋದರೆ ಛತ್ರಪತಿ ಸಂಭಾಜಿನಗರ ದಾಟಿ ಜಾಲನಾ ಸಿಗುತ್ತದೆ. ಅಲ್ಲಿ ಭಂಗಾರವನ್ನು ಇಂಡಕ್ಷನ್ ಕುಲುಮೆಯಲ್ಲಿ ಕರಗಿಸಿ, ಗೇಣಗಲಕ್ಕೂ ಕಡಿಮೆಯ ಚೌಕದ ಉದ್ದನೆಯ ಬಿಲ್ಲೆಟ್ ಎರೆದು, ಕಟ್ಟಡದ ಸರಳು ಎಳೆಯುವ ಕಾರಖಾನೆಗಳು ಅನೇಕ ಇವೆ. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜಿಂದಾಲ್ ಕಾರಖಾನೆಯಲ್ಲಾದರೆ ಅಗಲವಾದ ಸ್ಲ್ಯಾಬ್ ಎರೆದು ತಗಡು ಮಾಡುತ್ತಾರೆ. ಗಾತ್ರ ಬೇರೆ, ಬಂಡವಾಳ ಬಹಳ ಬೇರೆ, ತತ್ತ್ವ ಒಂದೇ.

ಕುಲುಮೆಯಿಂದ ಲೇಡಲ್ ಎಂಬ ದೊಡ್ಡ ಬೋಗುಣಿಯಲ್ಲಿ ಉಕ್ಕನ್ನು ಕ್ರೇನಿನಿಂದ ಎತ್ತಿ ತರುತ್ತಾರೆ. ಅದರ ತಳದ ತೂತಿನಿಂದ ಉಕ್ಕು ಟಂಡಿಶ್ ಎಂಬ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯಿಂದ ತಾಮ್ರದ ಅಚ್ಚಿಗೆ. ಇಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಏಳಬೇಕು. ತಾಮ್ರವು 1,085 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಹೋಗುತ್ತದೆ. ಅದರೊಳಗೆ ಬೀಳುವ ಉಕ್ಕಿನ ಶಾಖ 1,500 ಡಿಗ್ರಿಗೂ ಮೇಲೆ. ಅಚ್ಚು ಉಳಿಯುವುದು ಹೇಗೆ? ತಾಮ್ರದ ಬೆನ್ನಿಗೆ ನೀರು ರಭಸದಿಂದ ಹರಿಯುತ್ತಿರುತ್ತದೆ. ತಾಮ್ರವು ಶಾಖವನ್ನು ಬಲು ಬೇಗ ದಾಟಿಸುವ ಲೋಹ. ಉಕ್ಕಿನಿಂದ ಬಂದ ಶಾಖವನ್ನು ತಾನು ಇಟ್ಟುಕೊಳ್ಳದೆ ನೀರಿಗೆ ಕೊಟ್ಟುಬಿಡುತ್ತದೆ. ಹಾಗೆ ಶಾಖ ಕಳೆದುಕೊಂಡ ಉಕ್ಕು ಅಂಚಿನಲ್ಲಿ ಗಟ್ಟಿಯಾಗುತ್ತದೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಒಳಗಡೆ ಮಾತ್ರ ಇನ್ನೂ ದ್ರವವೇ. ಅಚ್ಚಿನಿಂದ ಹೊರಬರುವುದು ಗಟ್ಟಿ ಉಕ್ಕೆಂದು ಹೇಳಿದೆನಷ್ಟೆ. ನಿಜವಾಗಿ ಹೊರಬರುವುದು ಕರಗಿದ ಉಕ್ಕು ತುಂಬಿದ, ಉಕ್ಕಿನದೇ ಚೀಲ. ಆ ಚೀಲದ ಮೇಲೆ ಕೆಳಗಡೆ ನೀರು ಸಿಂಪಡಿಸಿ ಒಳಭಾಗವನ್ನು ಗಟ್ಟಿ ಮಾಡುತ್ತಾರೆ.

ಚೀಲದ ದಪ್ಪವೆಷ್ಟು? ಲೆಕ್ಕ ಸುಲಭ. ಉಕ್ಕು ಅಚ್ಚಿನಲ್ಲಿದ್ದ ನಿಮಿಷಗಳ ವರ್ಗಮೂಲವನ್ನು ಸುಮಾರು 20ರಿಂದ ಗುಣಿಸಿದರೆ ಚಿಪ್ಪಿನ ದಪ್ಪ ಮಿಲಿಮೀಟರಿನಲ್ಲಿ ಬರುತ್ತದೆ. ಸ್ಲ್ಯಾಬಿನ ಅಚ್ಚಿನಲ್ಲಿ ಉಕ್ಕಿರುವ ಉದ್ದ 80 ಸೆಂಟಿಮೀಟರ್, ವೇಗ ನಿಮಿಷಕ್ಕೆ ಒಂದು ಮೀಟರ್ ಎಂದುಕೊಳ್ಳಿ. ಉಕ್ಕು ಅಚ್ಚಿನಲ್ಲಿರುವುದು 0.8 ನಿಮಿಷ, ವರ್ಗಮೂಲ 0.89; ದಪ್ಪ 18 ಮಿಲಿಮೀಟರ್. ಬಿಲ್ಲೆಟಿನಲ್ಲಿ ವೇಗ ಹೆಚ್ಚು: 70 ಸೆಂಟಿಮೀಟರ್ ಉದ್ದ, ನಿಮಿಷಕ್ಕೆ ಎರಡೂವರೆ ಮೀಟರ್ ಎಂದರೆ 0.28 ನಿಮಿಷ, ದಪ್ಪ ಹತ್ತೂವರೆ ಮಿಲಿಮೀಟರ್. ಕಿರುಬೆರಳಿನಷ್ಟು ದಪ್ಪದ ಈ ಚಿಪ್ಪೇ ಕೆಳಗೆ ನಿಂತವರಿಗೂ ಕರಗಿದ ಉಕ್ಕಿಗೂ ನಡುವೆ ಇರುವ ಗೋಡೆ.

ಆ ಗೋಡೆ ಹರಿಯುವುದಕ್ಕೆ ‘ಬ್ರೇಕ್‌ಔಟ್’ ಎನ್ನುತ್ತಾರೆ. ಹರಿದ ಕಡೆಯಿಂದ ಕರಗಿದ ಉಕ್ಕು ಧಾರೆಯಾಗಿ ಸುರಿದು ರೋಲರುಗಳ ಮೇಲೆ, ಪೈಪುಗಳ ಮೇಲೆ ಹೆಪ್ಪುಗಟ್ಟುತ್ತದೆ. ಅದನ್ನು ಗ್ಯಾಸಿನಿಂದ ಕತ್ತರಿಸಿ ತೆಗೆದು ಮತ್ತೆ ಎರಕ ಶುರುವಾಗಬೇಕಾದರೆ ಎಷ್ಟೋ ತಾಸು, ಕೆಲವೊಮ್ಮೆ ದಿನಗಳು ಬೇಕು. ಅದು ಮಾಲಕನ ನಷ್ಟ. ಕೆಲಸಗಾರನ ನಷ್ಟ ಬೇರೆ. ಕರಗಿದ ಉಕ್ಕಿನ ಕೆಳಗೆ ನೀರು ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಆವಿಯಾಗುತ್ತದೆ. ಆವಿಯಾದ ನೀರು ಮೊದಲಿನ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಜಾಗ ಸಿಗದಿದ್ದರೆ ಸಿಡಿಯುತ್ತದೆ. ಸಿಡಿದಾಗ ಉಕ್ಕನ್ನೂ ಹೊತ್ತುಕೊಂಡು ಹಾರುತ್ತದೆ. ಆ ಸಮಯಕ್ಕೆ ಹತ್ತಿರ ಇರುವವರು ಸಾಮಾನ್ಯವಾಗಿ ಗುತ್ತೇದಾರನ ಕಡೆಯಿಂದ ಬಂದ, ಊರು ಬಿಟ್ಟು ಬಂದ ಹುಡುಗರು.

ಚಿಪ್ಪು ಹರಿಯಲು ಕಾರಣಗಳು ಹಲವು. ಸ್ಲ್ಯಾಬಿನ ಎರಕದಲ್ಲಿ ಮುಖ್ಯವಾದದ್ದು ಅಂಟಿಕೊಳ್ಳುವುದು. ಅಚ್ಚಿನ ಗೋಡೆಗೂ ಚಿಪ್ಪಿಗೂ ನಡುವೆ ಜಾರಲೆಂದು ಒಂದು ಬಗೆಯ ಪುಡಿ ಹಾಕುತ್ತಾರೆ. ಅದು ಕರಗಿ ಎಣ್ಣೆಯ ಕೆಲಸ ಮಾಡುತ್ತದೆ. ಎಲ್ಲಿಯಾದರೂ ಆ ಪದರ ತಪ್ಪಿತೆಂದರೆ ಚಿಪ್ಪು ತಾಮ್ರಕ್ಕೆ ಅಂಟುತ್ತದೆ. ಕೆಳಗಿನಿಂದ ಎಳೆತ ನಡೆದೇ ಇರುತ್ತದೆ. ಅಂಟಿದ ಜಾಗದ ಕೆಳಗೆ ಚಿಪ್ಪು ಹರಿಯುತ್ತದೆ. ಹರಿದ ಕಡೆ ಹೊಸ ಉಕ್ಕು ನುಗ್ಗಿ ತೆಳುವಾಗಿ ಹೆಪ್ಪುಗಟ್ಟುತ್ತದೆ, ಅಚ್ಚು ಅಲುಗಿದಾಗ ಮತ್ತೆ ಹರಿಯುತ್ತದೆ. ಹೀಗೆ ಹರಿಯುತ್ತ ಹರಿಯುತ್ತ ಆ ಗಾಯವು ಕೆಳಗೆ ಸರಿಯುತ್ತದೆ. ಅಚ್ಚಿನ ಬಾಯಿ ದಾಟಿತೆಂದರೆ ಮುಗಿಯಿತು, ಅಲ್ಲಿ ತಡೆಯಲು ತಾಮ್ರದ ಗೋಡೆಯಿಲ್ಲ.

ಆದರೆ ಈ ಗಾಯವು ಸದ್ದಿಲ್ಲದೆ ಸರಿಯುವುದಿಲ್ಲ. ಅಚ್ಚಿನ ತಾಮ್ರದೊಳಗೆ ಥರ್ಮೋಕಪಲ್ ಎಂಬ ಉಷ್ಣಮಾಪಕಗಳನ್ನು ಸಾಲುಸಾಲಾಗಿ ಹುದುಗಿಸಿರುತ್ತಾರೆ. ಸರಿಯಾಗಿ ನಡೆಯುತ್ತಿರುವಾಗ ಮೇಲಿನ ಸಾಲು ಹೆಚ್ಚು ಬಿಸಿ, ಕೆಳಗಿನ ಸಾಲು ಕಡಿಮೆ ಬಿಸಿ. ಕೆಳಗೆ ಹೋದಂತೆ ಚಿಪ್ಪು ದಪ್ಪವಾಗುವುದಷ್ಟೆ. ಗಾಯವು ಮೇಲಿನ ಮಾಪಕದ ಎದುರಿಗೆ ಬಂದಾಗ ದ್ರವ ಉಕ್ಕು ತಾಮ್ರಕ್ಕೆ ತಾಗಿ ಆ ಮಾಪಕ ಏರುತ್ತದೆ. ಗಾಯ ದಾಟಿದ ಮೇಲೆ ಇಳಿಯುತ್ತದೆ. ಕೆಲವು ಸೆಕೆಂಡು ಬಿಟ್ಟು ಕೆಳಗಿನ ಮಾಪಕ ಏರುತ್ತದೆ. ಮೇಲಿನದು ಇಳಿಯುತ್ತ, ಕೆಳಗಿನದು ಏರುತ್ತ, ಎರಡು ಗೆರೆಗಳೂ ಒಂದನ್ನೊಂದು ಹಾಯುತ್ತವೆ. ಇದೇ ಗುರುತು.

ಎಷ್ಟು ಹೊತ್ತು ಸಿಗುತ್ತದೆಂದು ನೋಡಿ. ನಿಮಿಷಕ್ಕೆ 1.2 ಮೀಟರ್ ವೇಗವೆಂದರೆ ಸೆಕೆಂಡಿಗೆ 2 ಸೆಂಟಿಮೀಟರ್. ಗಾಯವು ಅದಕ್ಕಿಂತ ನಿಧಾನ. ಮೂರರಲ್ಲಿ ಎರಡು ಪಾಲೆಂದು ಹಿಡಿದರೆ ಸೆಕೆಂಡಿಗೆ 1.3 ಸೆಂಟಿಮೀಟರ್. ಮೇಲ್ಮಟ್ಟದಿಂದ ಬಾಯಿಯವರೆಗೆ 80 ಸೆಂಟಿಮೀಟರ್ ಇಳಿಯಲು ಸುಮಾರು ಒಂದು ನಿಮಿಷ. ಎರಡನೆಯ ಸಾಲಿನ ಮಾಪಕ 30 ಸೆಂಟಿಮೀಟರ್ ಕೆಳಗಿದ್ದರೆ, ಅದು ಏರಿದ ಮೇಲೆ ಉಳಿಯುವುದು ನಲವತ್ತು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಎಳೆತದ ವೇಗವನ್ನು ಬಹಳ ತಗ್ಗಿಸಿದರೆ ಗಾಯವು ಅಚ್ಚಿನೊಳಗೇ ನಿಂತು, ದಪ್ಪಗಟ್ಟಿ, ಮಾಯುತ್ತದೆ. ಹತ್ತಾರು ಮಾಪಕಗಳ ಗೆರೆಗಳನ್ನು ರಾತ್ರಿ ಪಾಳಿಯಲ್ಲಿ ಕಣ್ಣು ಮಿಟುಕಿಸದೆ ನೋಡುತ್ತ ಕೂರಲು ಮನುಷ್ಯನಿಂದ ಆಗದು. ಆದ್ದರಿಂದ ಈ ಕೆಲಸಕ್ಕೆ ಯಂತ್ರ.

ಮೊದಮೊದಲು ಯಂತ್ರಕ್ಕೆ ನಿಯಮಗಳನ್ನೇ ಬರೆದುಕೊಟ್ಟರು: ಮಾಪಕವು ಇಷ್ಟು ಸೆಕೆಂಡಿನಲ್ಲಿ ಇಷ್ಟು ಡಿಗ್ರಿಗಿಂತ ಹೆಚ್ಚು ಏರಿ, ಕೆಳಗಿನದೂ ಇಷ್ಟರೊಳಗೆ ಏರಿದರೆ ಗಂಟೆ ಬಾರಿಸು, ಎಂದು. ಕೆಲಸ ನಡೆಯಿತು. ಆದರೆ ಅಚ್ಚಿನಲ್ಲಿ ಉಕ್ಕಿನ ಮಟ್ಟ ಏರಿಳಿದರೂ ಮಾಪಕ ಏರುತ್ತದೆ. ವೇಗ ಬದಲಿಸಿದರೂ ಏರುತ್ತದೆ. ತಂತಿ ಸಡಿಲವಾದರೂ ಕುಣಿಯುತ್ತದೆ. ನಿಯಮ ಬಿಗಿಯಾದರೆ ನಿಜವಾದ ಗಾಯ ತಪ್ಪಿಹೋಗುತ್ತದೆ, ಸಡಿಲವಾದರೆ ಸುಮ್ಮಸುಮ್ಮನೆ ಗಂಟೆ. ಆಗ ಇನ್ನೊಂದು ದಾರಿ ಹುಡುಕಿದರು. ನಿಯಮ ಹೇಳಿಕೊಡುವ ಬದಲು ಹಳೆಯ ಉದಾಹರಣೆಗಳನ್ನು ಕೊಟ್ಟು, ನಿಯಮವನ್ನು ಯಂತ್ರವೇ ಕಂಡುಕೊಳ್ಳಲಿ ಎಂಬುದು ಆ ದಾರಿ. ‘ಮಶೀನ್ ಲರ್ನಿಂಗ್’ ಎಂಬ ಹೆಸರನ್ನು ಅಮೆರಿಕದ ಆರ್ಥರ್ ಸ್ಯಾಮ್ಯುಅಲ್ 1959ರಲ್ಲಿ ಬಳಕೆಗೆ ತಂದನು; ಅವನು ಕಲಿಸಿದ್ದು ಚೆಕರ್ಸ್ ಆಟವನ್ನು. ಜಪಾನಿನ ನಿಪ್ಪಾನ್ ಸ್ಟೀಲ್ ಕಂಪನಿಯ ಎಂಜಿನಿಯರರು 1990ರ ದಶಕದ ಆರಂಭದಲ್ಲಿಯೇ ಬ್ರೇಕ್‌ಔಟ್ ತಿಳಿಯಲು ನ್ಯೂರಲ್ ನೆಟ್‌ವರ್ಕ್ ಎಂಬ ಲೆಕ್ಕದ ಜಾಲವನ್ನು ಹೂಡಿದರು. ಇದು ನಿನ್ನೆ ಮೊನ್ನೆಯ ಸುದ್ದಿಯಲ್ಲ.

ಕಲಿಯುವ ಕ್ರಮವನ್ನು ಪರೀಕ್ಷೆಯ ಅಂಕಗಳಂತೆ ಎಣಿಸಿಕೊಳ್ಳಬಹುದು. ಮೇಲಿನ ಮಾಪಕ ಎಷ್ಟು ಏರಿತು, ಕೆಳಗಿನದು ಎಷ್ಟು ಏರಿತು, ನಡುವೆ ಎಷ್ಟು ಸೆಕೆಂಡು, ಆಗ ವೇಗವೆಷ್ಟು, ಉಕ್ಕಿನ ಮಟ್ಟವೆಷ್ಟು: ಒಂದೊಂದಕ್ಕೂ ಒಂದು ತೂಕ ಕೊಟ್ಟು ಗುಣಿಸಿ ಕೂಡಿಸುವುದು, ಮೊತ್ತ ಒಂದು ಗೆರೆ ದಾಟಿದರೆ ಅಪಾಯ. ಮೊದಲು ತೂಕಗಳು ಬಾಯಿಗೆ ಬಂದಂತೆ ಇರುತ್ತವೆ. ಹಳೆಯ ಉದಾಹರಣೆ ಒಂದನ್ನು ಕೊಟ್ಟು ಯಂತ್ರ ಹೇಳಿದ್ದನ್ನು ನಡೆದದ್ದರೊಡನೆ ತಾಳೆ ನೋಡುತ್ತಾರೆ. ತಪ್ಪಿದ್ದರೆ ತೂಕಗಳನ್ನು ಚೂರು ಚೂರು ಸರಿಸುತ್ತಾರೆ. ಸಾವಿರಾರು ಸಲ ಹೀಗೆ ಮಾಡಿದ ಮೇಲೆ ತೂಕಗಳು ಒಂದು ನೆಲೆಗೆ ಬರುತ್ತವೆ. ಜಾಲವೆಂದರೆ ಇಂಥ ಕೂಡಿಕೆಗಳು ಒಂದರ ಮೇಲೊಂದು. ಆಮೇಲೆ ಯಂತ್ರ ಕಾಣದ ಬೇರೆ ಹೀಟುಗಳ ಮೇಲೆ ಪರೀಕ್ಷೆ ಮಾಡಬೇಕು. ಒಂದೇ ಹೀಟಿನ ಮೊದಲರ್ಧದಿಂದ ಕಲಿಸಿ ಉಳಿದರ್ಧದಲ್ಲಿ ಪರೀಕ್ಷೆ ಮಾಡುವುದು, ಮನೆಪಾಠದಲ್ಲಿ ಮಾಡಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟ ಹಾಗೆ.

ಇಲ್ಲಿ ಗುಮಾಸ್ತರು ಕಿವಿಗೊಡಬೇಕಾದ ಒಂದು ಲೆಕ್ಕವಿದೆ. ತಿಳಿಯಲೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ. 2,000 ಹೀಟುಗಳಲ್ಲಿ 10ರಲ್ಲಿ ಮಾತ್ರ ಚಿಪ್ಪು ಅಂಟಿತು. ಎಂದೂ ಗಂಟೆ ಬಾರಿಸದ, ಬಾಯಿ ಮುಚ್ಚಿ ಕುಳಿತ ಯಂತ್ರವೊಂದನ್ನು ಇಟ್ಟರೆ ಅದು 1,990 ಸಲ ಸರಿ. ನೂರಕ್ಕೆ 99.5 ಸರಿಯೆಂದು ಮಾರುವವನು ಹೇಳಿಕೊಳ್ಳಬಹುದು. ಕೆಲಸಕ್ಕೆ ಮಾತ್ರ ಮೂರು ಕಾಸಿನದಲ್ಲ. ಈಗ ಒಳ್ಳೆಯ ಯಂತ್ರ ತೆಗೆದುಕೊಳ್ಳಿ. ಹತ್ತು ಗಾಯಗಳಲ್ಲಿ ಒಂಬತ್ತನ್ನು ಹಿಡಿಯುತ್ತದೆ. ಸರಿಯಾದ ಹೀಟುಗಳಲ್ಲಿ ನೂರಕ್ಕೆ ಒಂದರಲ್ಲಿ ಮಾತ್ರ ತಪ್ಪಿ ಗಂಟೆ ಬಾರಿಸುತ್ತದೆ. 1,990ಕ್ಕೆ ನೂರಕ್ಕೆ ಒಂದೆಂದರೆ 20. ಒಟ್ಟು ಗಂಟೆಗಳು 29, ನಿಜವಾದವು 9. ಮೂರು ಗಂಟೆಗಳಲ್ಲಿ ಎರಡು ಸುಳ್ಳು! ಯಂತ್ರ ಕೆಟ್ಟದ್ದೆಂದಲ್ಲ, ಅಪಾಯವೇ ವಿರಳವಾದಾಗ ಎಂಥ ಒಳ್ಳೆಯ ಕಾವಲುಗಾರನ ಗತಿಯೂ ಇದೇ.

ಸುಳ್ಳು ಗಂಟೆಗೂ ಬೆಲೆಯುಂಟು. ವೇಗ ತಗ್ಗಿಸಿದಷ್ಟು ಉದ್ದದ ಸ್ಲ್ಯಾಬನ್ನು ಬೇರೆ ಇಟ್ಟು ಪರೀಕ್ಷಿಸಬೇಕು, ಉತ್ಪಾದನೆ ಇಳಿಯುತ್ತದೆ, ಪಾಳಿಯ ಮುಖ್ಯಸ್ಥನು ಉತ್ತರ ಹೇಳಬೇಕು. ‘ತೋಳ ಬಂತು ತೋಳ’ ಕಥೆ ಎಲ್ಲರಿಗೂ ಗೊತ್ತಿದೆ. ನಾಲ್ಕಾರು ಸಲ ಸುಳ್ಳಾದ ಮೇಲೆ ಯಾರೋ ಗಂಟೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ, ಅಪಾಯವಿರುವುದು ಅಲ್ಲಿ. ಗೆರೆಯನ್ನು ಎಷ್ಟರಲ್ಲಿ ಎಳೆಯಬೇಕೆಂಬುದು ಗಣಿತದ ಪ್ರಶ್ನೆಯೇ ಅಲ್ಲ. ತಪ್ಪಿದ ಒಂದು ಗಾಯಕ್ಕೆ ಎಷ್ಟು ಸುಳ್ಳು ಗಂಟೆ ಸಹಿಸಬಹುದೆಂದು ಮನುಷ್ಯರು ಕೂತು ತೀರ್ಮಾನಿಸಬೇಕು. ಕೆಳಗೆ ನಿಲ್ಲುವವರನ್ನು ಕೇಳದೆ ಮೇಲೆ ಕೂತವರಷ್ಟೇ ಅದನ್ನು ತೀರ್ಮಾನಿಸುವುದು ನನಗಂತೂ ಸರಿಯೆನಿಸುವುದಿಲ್ಲ.

ಇನ್ನು ರಜಿಸ್ಟರಿನ ಮಾತು. ಯಂತ್ರವು ಕಲಿಯುವುದು ಹಳೆಯ ಉದಾಹರಣೆಗಳಿಂದ ಎಂದೆವು. ಮಾಪಕದ ಅಂಕಿಗಳನ್ನು ಕಂಪ್ಯೂಟರು ತಾನೇ ಬರೆದುಕೊಳ್ಳುತ್ತದೆ. ಆದರೆ ‘ಇದು ಗಾಯ, ಇದು ಅಲ್ಲ’ ಎಂಬ ಗುರುತು ಬರುವುದು ಎಲ್ಲಿಂದ? ಪಾಳಿಯ ರಜಿಸ್ಟರಿನಿಂದ. ಅಲ್ಲಿ ‘ರಾತ್ರಿ 2-15ಕ್ಕೆ ಲೈನ್ ನಿಂತಿತು’ ಎಂದಷ್ಟೇ ಬರೆದಿದ್ದರೆ ಏನು ತಿಳಿಯುತ್ತದೆ? ನಿಂತದ್ದು ಚಿಪ್ಪು ಹರಿದೋ, ವಿದ್ಯುತ್ ಹೋಗಿಯೋ, ಲೇಡಲ್ ತಡವಾಗಿಯೋ? ಎಲ್ಲ ಕೆಡುಕಿಗೂ ‘ಬ್ರೇಕ್‌ಡೌನ್’ ಎಂಬ ಒಂದೇ ಮಾತು ಬರೆಯುವ ರೂಢಿ ಬಹಳ ಕಡೆ ಇದೆ. ಅಂಥ ಪುಸ್ತಕದಿಂದ ಯಂತ್ರ ಏನನ್ನೂ ಕಲಿಯದು. ಬಿತ್ತಿದ್ದೇ ಬೆಳೆಯುವುದು.

ಗಡಿಯಾರದ ಸಂಗತಿ ಇನ್ನೂ ಸೂಕ್ಷ್ಮ. ಬರೆಯುವವನು ಕೈಗಡಿಯಾರ ನೋಡಿ ಬರೆಯುತ್ತಾನೆ. ಕಂಪ್ಯೂಟರಿನ ಗಡಿಯಾರ ಮೂರು ನಿಮಿಷ ಮುಂದಿದೆ. ಲೆಕ್ಕದ ಪುಸ್ತಕದಲ್ಲಿ ಮೂರು ನಿಮಿಷ ಏನೂ ಅಲ್ಲ. ಆದರೆ ಗಾಯ ಹುಟ್ಟಿ ಮುಗಿಯುವುದೇ ಒಂದು ನಿಮಿಷದಲ್ಲಿ. ಮೂರು ನಿಮಿಷ ಸರಿದರೆ ಗಾಯದ ಗುರುತು ಬೇರೆ ಯಾವುದೋ ನಿರಪಾಯದ ಗೆರೆಗಳ ಮೇಲೆ ಬಿದ್ದಿರುತ್ತದೆ, ಯಂತ್ರವು ಅದನ್ನೇ ಗಾಯವೆಂದು ಶ್ರದ್ಧೆಯಿಂದ ಕಲಿಯುತ್ತದೆ. ಪಾಳಿ ಹಿಡಿದಾಗ ಪರದೆಯ ಗಡಿಯಾರಕ್ಕೆ ಕೈಗಡಿಯಾರ ಹೊಂದಿಸಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಮತ್ತೊಂದು ತೊಡಕು. ಗಂಟೆ ಬಾರಿಸಿತು, ವೇಗ ತಗ್ಗಿಸಿದರು, ಏನೂ ಆಗಲಿಲ್ಲ. ಗಂಟೆ ನಿಜವಾದದ್ದೋ ಸುಳ್ಳೋ? ಏನೂ ಆಗಲಿಲ್ಲವಾದ್ದರಿಂದ ಸುಳ್ಳು ಎನ್ನಬಾರದು. ಗಂಟೆ ಬಾರಿಸಿದ್ದರಿಂದಲೇ ಏನೂ ಆಗದೆ ಉಳಿದಿರಬಹುದು. ನಿರ್ಣಯಕ್ಕೆ ಒಂದು ಸಾಕ್ಷಿಯಿದೆ: ಮಾಯ್ದ ಗಾಯವು ಸ್ಲ್ಯಾಬಿನ ಮೈಮೇಲೆ ಕಲೆಯಾಗಿ ಉಳಿದಿರುತ್ತದೆ. ಸ್ಲ್ಯಾಬ್ ಆರಿದ ಮೇಲೆ ಅಂಗಳದಲ್ಲಿ ತಪಾಸಣೆ ಮಾಡುವವನು ಅದನ್ನು ಕಾಣುತ್ತಾನೆ. ಅವನ ಚೀಟಿ ಒಂದು ವಿಭಾಗದ ಫೈಲಿಗೆ ಹೋಗುತ್ತದೆ, ಗಂಟೆಯ ಪಟ್ಟಿ ಇನ್ನೊಂದು ವಿಭಾಗದಲ್ಲಿ ಇರುತ್ತದೆ. ಹೀಟ್ ನಂಬರ್ ಹಿಡಿದು ಈ ಎರಡನ್ನೂ ಜೋಡಿಸುವ ಗುಮಾಸ್ತನು ಯಂತ್ರಕ್ಕೆ ಸತ್ಯ ಕಲಿಸುವವನು. ಅವನ ಮೇಜಿನ ಮೇಲೆ ‘ಡೇಟಾ ಸೈಂಟಿಸ್ಟ್’ ಎಂಬ ಫಲಕವಿರುವುದಿಲ್ಲ, ಪಗಾರವೂ ಅಷ್ಟಿರುವುದಿಲ್ಲ.

ಬರೆಯದೆ ಬಿಡುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ‘ಸ್ವಲ್ಪದರಲ್ಲಿ ತಪ್ಪಿತು’ ಎಂದು ಬರೆದವನನ್ನು ಕರೆಸಿ ಜಬರಿಸುವ, ಪಗಾರ ಕಡಿಯುವ, ಗುತ್ತೇದಾರನಿಗೆ ಹೇಳಿ ಮರುದಿನ ಗೇಟಿನೊಳಗೆ ಬಿಡದ ಕಡೆ ಯಾರು ಬರೆದಾರು? ಆ ಕಾರಖಾನೆಯ ಪುಸ್ತಕದಲ್ಲಿ ಕೆಡುಕೇ ಇರುವುದಿಲ್ಲ. ಅದರಿಂದ ಕಲಿತ ಯಂತ್ರವೂ ಕೆಡುಕೇ ಇಲ್ಲವೆಂದು ನಂಬಿರುತ್ತದೆ. ಲಕ್ಷಗಟ್ಟಲೆ ಸುರಿದು ಯಂತ್ರ ತರುವ ಮಾಲಕರು, ಬರೆದವನಿಗೆ ಶಿಕ್ಷೆಯಿಲ್ಲವೆಂಬ ಒಂದು ನೋಟೀಸನ್ನು ಮೊದಲು ಹಚ್ಚಿದರೆ ಯಂತ್ರದ ಬೆಲೆ ಹುಟ್ಟುತ್ತದೆ.

ಒಮ್ಮೆ ಕಲಿತ ಮೇಲೆ ಆಯಿತೆಂದೂ ಅಲ್ಲ. ಅಚ್ಚಿನ ಪುಡಿ ಬದಲಾದರೆ, ಉಕ್ಕಿನ ಜಾತಿ ಬದಲಾದರೆ, ತಾಮ್ರ ಸವೆದು ತೆಳುವಾದರೆ, ಹಳೆಯ ತೂಕಗಳು ಹೊಂದುವುದಿಲ್ಲ; ಮತ್ತೆ ಕಲಿಸಬೇಕು. ತೋರಣಗಲ್ಲಿನಂಥ ಕಡೆಯ ಸ್ಲ್ಯಾಬ್ ಯಂತ್ರಕ್ಕೆ ಕಲಿಸಿದ್ದನ್ನು ಜಾಲನೆಯ ಬಿಲ್ಲೆಟ್ ಯಂತ್ರಕ್ಕೆ ಎತ್ತಿ ಹಾಕಲಾಗದು.

ಬಿಲ್ಲೆಟಿನ ಸಣ್ಣ ಕಾರಖಾನೆಗಳ ಕಷ್ಟವೇ ಬೇರೆ. ಅಲ್ಲಿಯ ಅಚ್ಚು ತಾಮ್ರದ ಕೊಳವೆ. ಬಹಳ ಕಡೆ ಅದರಲ್ಲಿ ಉಷ್ಣಮಾಪಕಗಳೇ ಇರುವುದಿಲ್ಲ. ಭಂಗಾರದಿಂದ ಬಂದ ಉಕ್ಕಿನ ಗುಣ ಹೀಟಿನಿಂದ ಹೀಟಿಗೆ ಬದಲಾಗುತ್ತದೆ. ಗಂಧಕ ಹೆಚ್ಚಾದರೆ ಬಿಸಿಯಲ್ಲಿರುವಾಗ ಚಿಪ್ಪು ಬಿರುಕು ಬಿಡುತ್ತದೆ. ಉಕ್ಕು ಬೇಕಾದ್ದಕ್ಕಿಂತ ಬಿಸಿಯಾಗಿ ಬಂದರೆ ಚಿಪ್ಪು ತೆಳುವಾಗುತ್ತದೆ. ಹಾಗಿದ್ದರೂ ಒಂದು ಮಾಪನ ಎಲ್ಲ ಕಡೆಯೂ ಸಾಧ್ಯ: ಅಚ್ಚಿಗೆ ಹೋಗುವ ನೀರಿನ ಶಾಖ, ಬರುವ ನೀರಿನ ಶಾಖ, ನೀರಿನ ಪ್ರಮಾಣ. ನಿಮಿಷಕ್ಕೆ 1,500 ಲೀಟರ್ ನೀರು 32 ಡಿಗ್ರಿಯಲ್ಲಿ ಹೋಗಿ 39 ಡಿಗ್ರಿಯಲ್ಲಿ ಬಂತೆನ್ನಿ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು 4.2 ಕಿಲೋಜೂಲ್ ಬೇಕು. 1,500ನ್ನು 7ರಿಂದಲೂ 4.2ರಿಂದಲೂ ಗುಣಿಸಿದರೆ 44,100. 60ರಿಂದ ಭಾಗಿಸಿದರೆ 735 ಕಿಲೋವ್ಯಾಟ್. ಅಚ್ಚು ಉಕ್ಕಿನಿಂದ ಹೀರಿದ ಶಾಖ ಇಷ್ಟು. ಅದೇ ವೇಗದಲ್ಲಿ, ಅದೇ ಜಾತಿಯ ಉಕ್ಕಿಗೆ ಈ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಕೊಳವೆ ಸವೆದು ಚಿಪ್ಪಿಗೂ ತಾಮ್ರಕ್ಕೂ ನಡುವೆ ಸಂದು ಬಿದ್ದಿರಬಹುದು, ಚಿಪ್ಪು ತೆಳುವಾಗುತ್ತಿರಬಹುದು. ಇದಕ್ಕೆ ಕಂಪ್ಯೂಟರೂ ಬೇಡ, ಚೌಕುಳಿ ಕಾಗದ ಸಾಕು. ಕಾಲು ತಾಸಿಗೊಮ್ಮೆ ಒಂದು ಚುಕ್ಕಿ. ಪಕ್ಕದಲ್ಲಿ ಹೀಟ್ ನಂಬರ್, ಅಚ್ಚಿನ ನಂಬರ್, ಆ ಅಚ್ಚಿನಲ್ಲಿ ಈವರೆಗೆ ಎರೆದ ಹೀಟುಗಳೆಷ್ಟು, ಟಂಡಿಶಿನ ಶಾಖ, ಎಳೆತದ ವೇಗ. ಏನಾದರೂ ಕಂಡಿದ್ದರೆ ಕಂಡದ್ದನ್ನು ಕಂಡ ಹಾಗೆ ಒಂದು ಸಾಲು. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಮರಾಠಿಯಲ್ಲಿ ಬರೆದರೂ ನಡೆಯುತ್ತದೆ. ಸೆಕೆಂಡನ್ನು ಮಾತ್ರ ಬಿಡಬಾರದು.